ಸಹಾಯ ಬೇಕು: ಕ್ಯಾಂಪರ್ ವ್ಯಾನಿನ ಸೋಲಾರ್ ವೈರಿಂಗ್

ಎಲ್ಲರಿಗೂ ನಮಸ್ಕಾರ. ಹಳೆಯ ವ್ಯಾನೊಂದನ್ನು ನಾನೇ ಕ್ಯಾಂಪರ್ (ಒಳಗೇ ಮಲಗಿ ಪ್ರವಾಸ ಮಾಡುವ ಗಾಡಿ) ಆಗಿ ಬದಲಾಯಿಸುತ್ತಿದ್ದೇನೆ. ಒಳಗಿನ ಹಲಗೆ ಹೊಡೆಯುವ ಮೊದಲು ವೈರಿಂಗ್ ಮುಗಿಸಬೇಕು.

ಸಾಮಾನು ಬಂದಿದೆ: 200 ವ್ಯಾಟಿನ 2 ಪ್ಯಾನೆಲ್, 12 ವೋಲ್ಟ್ 100 ಎಎಚ್ (ಆಂಪಿಯರ್-ಅವರ್) ಲಿಥಿಯಂ ಬ್ಯಾಟರಿ, 100 ವೋಲ್ಟ್‌ವರೆಗಿನ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್‌ನಿಂದ ಬ್ಯಾಟರಿ ಚಾರ್ಜ್ ಆಗುವುದನ್ನು ನಿಯಂತ್ರಿಸುವ ಪೆಟ್ಟಿಗೆ). ಓಡಬೇಕಾದದ್ದು ಸಣ್ಣ ಫ್ರಿಜ್, ಫ್ಯಾನ್, ಎಲ್‌ಇಡಿ ದೀಪ, ಲ್ಯಾಪ್‌ಟಾಪ್ ಅಷ್ಟೇ.

ಛಾವಣಿಯ ವೆಂಟ್‌ನ ನೆರಳು ಒಂದು ಪ್ಯಾನೆಲ್ ಮೇಲೆ ಬೀಳುತ್ತದೆ. ಸೀರೀಸ್ (ಒಂದರ ಹಿಂದೆ ಒಂದು) ಕೊಟ್ಟರೆ ಇನ್ನೊಂದಕ್ಕೂ ಪೆಟ್ಟು, ಅಲ್ವಾ? ಪ್ಯಾರಲಲ್ (ಅಕ್ಕಪಕ್ಕ ಜೋಡಿಸಿ) ಕೊಟ್ಟರೆ ಆಂಪ್ಸ್ (ಕರೆಂಟ್) ಜಾಸ್ತಿ, ದಪ್ಪ ವೈರ್ ಬೇಕು. ನನಗೇನೋ ಪ್ಯಾರಲಲ್ಲೇ ವಾಸಿ ಅನಿಸುತ್ತಿದೆ. ನಿಮ್ಮ ಅನುಭವ ಏನು?

ನಿಜವಾದ ಚಿಂತೆ ಆಲ್ಟರ್ನೇಟರ್‌ದು (ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಭಾಗ). ಲಿಥಿಯಂ ಬ್ಯಾಟರಿಯನ್ನು ಅದಕ್ಕೆ ನೇರವಾಗಿ ಜೋಡಿಸಿದರೆ ಬ್ಯಾಟರಿ ಸಿಕ್ಕಷ್ಟೂ ಕರೆಂಟ್ ಎಳೆಯುತ್ತದೆ, ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ಅದಕ್ಕೇ ಮಧ್ಯೆ ಕರೆಂಟನ್ನು ಮಿತಿಯಲ್ಲಿಡುವ 30 ಆಂಪ್ ಡಿಸಿ-ಡಿಸಿ ಚಾರ್ಜರ್ ಹಾಕುತ್ತೇನೆ. ಎಂಜಿನ್ ಬ್ಯಾಟರಿಯಿಂದ ಹಿಂದಕ್ಕೆ 5 ಮೀಟರ್ ದೂರ. 10 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಹೋಗಿ ಬರುವ ದಾರಿ ಸೇರಿ ಸುಮಾರು ಅರ್ಧ ವೋಲ್ಟ್ ಕಳೆಯುತ್ತದೆ. 16ಕ್ಕೆ ಹೋಗಲೇ, 10 ಸಾಕೇ? ಎರಡೂ ಬ್ಯಾಟರಿಗಳ ಪಕ್ಕದಲ್ಲೇ ಫ್ಯೂಸ್ ಇರುತ್ತದೆ. ಮಲಗುವ ಜಾಗ ಇದು, ಬೆಂಕಿಯ ವಿಷಯದಲ್ಲಿ ಸುಮ್ನೆ ಅಂದಾಜಿನ ಮೇಲೆ ಹೋಗಲು ಮನಸ್ಸಿಲ್ಲ.

ಇಂಥ ವೈರಿಂಗ್ ಮಾಡಿದವರು ಡಯಾಗ್ರಾಂ ಅಥವಾ ಫೋಟೋ ಹಾಕಿದರೆ ತುಂಬಾ ಉಪಕಾರ.