ಮದುವೆ ಮನೆಯಲ್ಲಿ ‘ಒಂದೇ ಒಂದು’ ಅಂದರೆ ಏನು ಹೇಳಲಿ?

ಪ್ರಶ್ನೆ (ವಿರಾಜಪೇಟೆ ಕಡೆಯವರು, ಹೆಸರು ಬೇಡ ಎಂದಿದ್ದಾರೆ):
ಮೇಡಂ, ನನಗೆ 44 ವರ್ಷ. ಕಾಫಿ ತೋಟ ಇದೆ. ಸುಮಾರು ವರ್ಷಗಳಿಂದ ದಿನಾ ರಾತ್ರಿ ಒಂದು ಕ್ವಾರ್ಟರ್ ವಿಸ್ಕಿ. ಹಬ್ಬ, ಮದುವೆ ಇದ್ದರೆ ಲೆಕ್ಕ ಇಲ್ಲ. ಬಿಪಿ ಇದೆ, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂದಿದೆ. ಪೂರ್ತಿ ಬಿಡಬೇಕು ಅಂತಿದ್ದೇನೆ. ಹಿಂದೊಮ್ಮೆ ಎರಡು ದಿನ ಬಿಟ್ಟಾಗ ಕೈ ನಡುಗಿತು, ಮೈಯೆಲ್ಲ ಬೆವರು, ನಿದ್ದೆಯೇ ಇಲ್ಲ. ಆದರೆ ಅದಕ್ಕಿಂತ ಹೆದರಿಕೆ ಜನರದ್ದು. ಮುಂದಿನ ತಿಂಗಳು ಅಕ್ಕನ ಮಗನ ಮದುವೆ, ಆಮೇಲೆ ಪುತ್ತರಿ, ನಮ್ಮ ಕೊಡಗಿನ ಸುಗ್ಗಿ ಹಬ್ಬ. ನಮ್ಮಲ್ಲಿ ಬೇಡ ಅಂದರೆ ‘ಏನು ಮುನಿಸಾ?’ ಅಂತಾರೆ. ಬಾವನೇ ಗ್ಲಾಸ್ ತಂದು ಕೈಗಿಡುತ್ತಾರೆ. ಏನು ಮಾಡಲಿ?

ಡಾಕ್ಟರ್ ಉತ್ತರ:
ನೀವು ಬಾವನಿಗೆ ಹೆದರಿದ್ದೀರಿ. ನನಗೆ ಹೆದರಿಕೆ ನಿಮ್ಮ ನಡುಗಿದ ಕೈಯದ್ದು. ಮೊದಲು ಅದನ್ನು ಮಾತಾಡೋಣ.

ಒಂದು ಕ್ವಾರ್ಟರ್ ಅಂದರೆ 180 ಎಂಎಲ್. ನಮ್ಮ ವಿಸ್ಕಿಯಲ್ಲಿ ಆಲ್ಕೋಹಾಲ್ ಶೇ 42.8. ಅಂದರೆ ದಿನಕ್ಕೆ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಒಳಗೆ ಹೋಗುತ್ತಿದೆ. ಇಷ್ಟು ವರ್ಷ ದಿನಾ ಕುಡಿದ ಮಿದುಳು ಅದಕ್ಕೇ ಹೊಂದಿಕೊಂಡಿರುತ್ತದೆ. ಏಕಾಏಕಿ ನಿಲ್ಲಿಸಿದರೆ ಆರೇಳು ಗಂಟೆಯಲ್ಲೇ ನಡುಕ, ಬೆವರು ಶುರುವಾಗಬಹುದು. ಮೊದಲ 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರನೇ ದಿನಕ್ಕೆ ಕೆಲವರು ಹಗಲು ರಾತ್ರಿ ಗೊತ್ತಾಗದೆ, ಇಲ್ಲದ ಹುಳು, ಇಲ್ಲದ ಜನ ಕಂಡು ಕೂಗಾಡುತ್ತಾರೆ. ಮನೆಯವರು ‘ಗಾಳಿ ಸೋಕಿದೆ’ ಅಂತ ತಾಯಿತ ಕಟ್ಟಿಸಲು ಓಡುತ್ತಾರೆ. ಆ ಸ್ಥಿತಿ ಜೀವಕ್ಕೇ ಅಪಾಯ, ಹೋಗಬೇಕಾದದ್ದು ಆಸ್ಪತ್ರೆಗೆ.

ಹಾಗಾಗಿ ಹಠ ಮಾಡಿ ಒಬ್ಬರೇ ಬಿಡಬೇಡಿ. ಮಡಿಕೇರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೋ, ಹತ್ತಿರದ ಮನೋವೈದ್ಯರ ಬಳಿಗೋ ಹೋಗಿ. ಸಾಮಾನ್ಯವಾಗಿ ಐದರಿಂದ ಏಳು ದಿನ, ದಿನದಿನಕ್ಕೂ ಕಡಿಮೆ ಮಾಡುತ್ತಾ ಮಾತ್ರೆ ಕೊಡುತ್ತಾರೆ. ಜೊತೆಗೆ ಬಿ1 ವಿಟಮಿನ್. ಮೆಡಿಕಲ್ ಶಾಪ್‌ನಿಂದ ನೀವೇ ನಿದ್ದೆ ಮಾತ್ರೆ ತಂದು ನುಂಗುವುದು ಬೇಡ. ಆ ವಾರ ಜೀಪು ಓಡಿಸುವುದು, ಮರ ಕಪಾತಿಗೆ ಏಣಿ ಹತ್ತುವುದು ಎರಡೂ ಬೇಡ. ಮದುವೆಗೆ ಇನ್ನೂ ಟೈಮ್ ಇದೆ, ಈ ವಾರವೇ ಹೋಗಿ.

ಇನ್ನು ಬಾವನ ವಿಷಯ. ಮದುವೆಯ ಗದ್ದಲದಲ್ಲಿ ಹೇಳಿದರೆ ಅದು ಹತ್ತು ಜನರ ಮುಂದೆ ಚರ್ಚೆ ಆಗುತ್ತದೆ. ಒಂದು ವಾರ ಮೊದಲೇ ಫೋನ್ ಮಾಡಿ. ‘ಬಾವ, ಲಿವರ್ ಸರಿಯಿಲ್ಲ, ಮಾತ್ರೆ ನಡೀತಿದೆ, ನನಗೆ ಹಾಕಿಸಬೇಡಿ. ಬೇರೆ ಯಾರಾದರೂ ತಂದರೆ ನೀವೇ ತಡೀಬೇಕು.’ ಇಷ್ಟು ಸಾಕು. ಒತ್ತಾಯ ಮಾಡುವವರನ್ನೇ ಕಾವಲಿಗೆ ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಗಂಡಿನ ಅಪ್ಪನೇ ‘ಅವನಿಗೆ ಬೇಡ’ ಅಂದಮೇಲೆ ಉಳಿದವರು ಜಾಸ್ತಿ ಮಾತಾಡಲ್ಲ.

‘ಇವತ್ತು ಬೇಡ’ ಅನ್ನಬೇಡಿ. ನಾಳೆ ಬಾಟಲ್ ಹಿಡಿದು ಬರುತ್ತಾರೆ. ‘ಬಿಟ್ಟಿದ್ದೇನೆ’ ಅನ್ನಿ, ಕಾರಣ ವಿವರಿಸುತ್ತಾ ನಿಲ್ಲಬೇಡಿ. ಬಿಡಿಸಿ ಹೇಳಿದಷ್ಟೂ ಎದುರಿನವರಿಗೆ ವಾದಕ್ಕೆ ದಾರಿ ಸಿಗುತ್ತದೆ. ಕೈಯಲ್ಲಿ ನಿಂಬೆ ಸೋಡಾ ಇರಲಿ, ಖಾಲಿ ಕೈ ಕಂಡರೇ ಅಲ್ವಾ ಗ್ಲಾಸ್ ಬರುವುದು? ಪಂದಿಕರಿ, ಕಡುಬು ಬೇಗ ಊಟ ಮಾಡಿಬಿಡಿ, ಹಸಿದ ಹೊಟ್ಟೆಯಲ್ಲಿ ಆಸೆ ಜೋರು. ಆಸೆ ಏರಿ ಬಂದಾಗ ಎದ್ದು ಹೊರಗೆ ಹೋಗಿ. ಅರ್ಧ ಗಂಟೆಯಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ.

ಒಂದು ಮಾತು ನಿಮಗೆ ಹಿಡಿಸಲಿಕ್ಕಿಲ್ಲ. ಮದುವೆಯ ಹಿಂದಿನ ರಾತ್ರಿಯ ಕೂಟಕ್ಕೆ ಈ ಸಲ ಹೋಗಬೇಡಿ. ಮುಹೂರ್ತಕ್ಕೆ ಬನ್ನಿ, ಅಕ್ಷತೆ ಹಾಕಿ, ಊಟ ಮಾಡಿ, ವಾಲಗದ ಕುಣಿತ ಕಾವೇರುವ ಮೊದಲು ಹೊರಡಿ. ಅಕ್ಕನಿಗೆ ಬೇಜಾರಾಗಬಹುದು. ಆಗಲಿ, ಮುಂದಿನ ವರ್ಷ ಕುಣಿಯಬಹುದು.

ಒಬ್ಬ ಸದಸ್ಯರು: ಕಾರಣವರಿಗೆ, ಅಂದರೆ ತೀರಿಹೋದ ಹಿರಿಯರಿಗೆ ಎಡೆ ಇಡುವಾಗ? ಮದ್ಯ ಇಡಲೇಬೇಕು ಅಲ್ವಾ ನಮ್ಮಲ್ಲಿ?

ಇನ್ನೊಬ್ಬರು: ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ದೊಡ್ಡಪ್ಪ ಕುಡಿಯಲ್ಲ. ಹಿರಿಯರಿಗೆ ಇಡುವುದನ್ನು ಅವರೇ ಇಡುತ್ತಾರೆ. ಆಮೇಲೆ ತಮ್ಮ ಪಾಲನ್ನು ಚಿಕ್ಕಪ್ಪನ ಕಡೆ ದಾಟಿಸುತ್ತಾರೆ. ಒಕ್ಕದಲ್ಲಿ, ಅಂದರೆ ಇಡೀ ಕುಟುಂಬದಲ್ಲಿ, ಇದುವರೆಗೆ ಯಾರೂ ಚಕಾರ ಎತ್ತಿಲ್ಲ. ಚಿಕ್ಕಪ್ಪನಂತೂ ಎತ್ತುವುದೇ ಇಲ್ಲ 😀

ಡಾಕ್ಟರ್: ಇದಕ್ಕೆ ನಾನು ಸೇರಿಸುವಂಥದ್ದು ಏನೂ ಇಲ್ಲ. ಎಡೆ ಇಡುವುದು ಬೇರೆ, ಕುಡಿಯುವುದು ಬೇರೆ.

ಗೋಣಿಕೊಪ್ಪದಿಂದ ಒಬ್ಬ ಗೃಹಿಣಿ: ನಮ್ಮ ಮನೆಯವರು ಡಾಕ್ಟರ ಹತ್ತಿರ ಬರಲ್ಲ. ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಪುಡಿ ಸಿಗುತ್ತದಂತೆ. ಹಾಕಬಹುದಾ ಮೇಡಂ?

ಡಾಕ್ಟರ್: ಖಂಡಿತ ಬೇಡಮ್ಮ. ಅಂಥ ಪುಡಿಯಲ್ಲಿ ಏನಿದೆ ಅಂತ ಯಾರೂ ಹೇಳುವುದಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಅನ್ನುವ ಔಷಧಿ ಇದೆ, ಪುಡಿಯಲ್ಲಿ ಅದೇ ಇದ್ದರೂ ಇರಬಹುದು. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಬಿದ್ದುಹೋಗಬಹುದು. ಪ್ರಾಣವೂ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರುತ್ತದೆ. ಕುಡಿಯುವವರಿಗೆ ಗೊತ್ತಿದ್ದು, ಒಪ್ಪಿದರೆ ಮಾತ್ರ ಕೊಡುವ ಮಾತ್ರೆ ಅದು. ಆಸೆ ಕಡಿಮೆ ಮಾಡುವ ಬೇರೆ ಮಾತ್ರೆಗಳೂ ಇವೆ, ಅವನ್ನೂ ಪರೀಕ್ಷೆ ಮಾಡಿಯೇ ಕೊಡಬೇಕು. ಅವರು ಬರದಿದ್ದರೆ ನೀವೇ ಬನ್ನಿ. ಅಥವಾ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ಗೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮೊದಲ ಪ್ರಶ್ನೆ ಕೇಳಿದವರು: ಮನೆಯಲ್ಲಿ ಮಾಡಿದ ವೈನ್ ಒಂದು ಗ್ಲಾಸ್ ಪರವಾಗಿಲ್ವಾ? ಮತ್ತೆ ಈ ಫ್ಯಾಟಿ ಲಿವರ್ ಸರಿ ಹೋಗುತ್ತಾ?

ಡಾಕ್ಟರ್: ವೈನ್ ಬೇಡ. ಮನೆಯದಾದರೂ ಅದರಲ್ಲಿರುವುದು ಅದೇ ಆಲ್ಕೋಹಾಲ್. ಸುಮ್ನೆ ಹಳೇ ದಾರಿಗೆ ಎಳೆಯುತ್ತದೆ. ಬರೀ ಕೊಬ್ಬು ತುಂಬಿದ ಹಂತವಾದರೆ, ಪೂರ್ತಿ ಬಿಟ್ಟ ಕೆಲವು ವಾರ, ತಿಂಗಳುಗಳಲ್ಲಿ ಲಿವರ್ ಬಹುಪಾಲು ಚೇತರಿಸಿಕೊಳ್ಳುತ್ತದೆ. ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಡಸಾಗಿದ್ದರೆ ಲೆಕ್ಕ ಬೇರೆ, ಆಗಲೂ ಬಿಡುವುದರಿಂದ ಲಾಭವೇ. ನೀವು ಯಾವ ಹಂತ ಅಂತ ಇಲ್ಲಿ ಕೂತು ಹೇಳಲಾಗದು. ಆಸ್ಪತ್ರೆಗೆ ಹೋಗುವಾಗ ಸ್ಕ್ಯಾನಿಂಗ್ ರಿಪೋರ್ಟ್ ಮತ್ತು ಬಿಪಿ ಮಾತ್ರೆಯ ಚೀಟಿ ತಗೊಂಡು ಹೋಗಿ. ಜೊತೆಗೆ ಮನೆಯವರನ್ನೂ ಕರೆದುಕೊಂಡು ಹೋಗಿ, ಎಷ್ಟು ಕುಡಿಯುತ್ತೀರಿ ಅನ್ನೋದಕ್ಕೆ ಅವರ ಲೆಕ್ಕ ಬೇರೆಯೇ ಇರುತ್ತದೆ.