ಮೂರನೇ ಮಗು ಬರುತ್ತಿದೆ: ಮಿನಿವ್ಯಾನ್ ಕೊಳ್ಳುವುದೋ, ಎಸ್‌ಯುವಿಯೋ?

ಎಡಿಸನ್ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಜನವರಿಯಲ್ಲಿ ಇನ್ನೊಂದು ಬರಲಿದೆ. ಬಾಣಂತನಕ್ಕೆಂದು ಅಪ್ಪ, ಅಮ್ಮ ಡಿಸೆಂಬರ್‌ನಲ್ಲೇ ಹಾಸನದಿಂದ ಬಂದು ಆರು ತಿಂಗಳು ನಮ್ಮೊಂದಿಗೆ ಇರುತ್ತಾರೆ. ಅಲ್ಲಿಗೆ ನಾವು ಏಳು ಜನ. ಈಗಿರುವ ಸೆಡಾನ್‌ನಲ್ಲಿ ಮಕ್ಕಳನ್ನು ಕೂರಿಸಿ ಬೆಲ್ಟ್ ಹಾಕುವ ಎರಡು ಕಾರ್ ಸೀಟ್ ಇಟ್ಟ ಮೇಲೆ ನಡುವೆ ಉಳಿಯುವುದು ನನ್ನ ಕೈಚೀಲ ಹಿಡಿಯುವಷ್ಟು ಜಾಗ.

ನನಗೆ ಮಿನಿವ್ಯಾನ್ ಬೇಕು. ಯಜಮಾನರಿಗೆ ಮೂರು ಸಾಲಿನ ಎಸ್‌ಯುವಿ ಬೇಕು. ಅವರ ತಲೆಯಲ್ಲಿ ಮಿನಿವ್ಯಾನ್ ಎಂದರೆ ಕೆಂಪೇಗೌಡ ವಿಮಾನ ನಿಲ್ದಾಣದ ಹೊರಗೆ ಸಾಲಾಗಿ ನಿಂತ ಬಿಳಿ ಇನ್ನೋವಾ, ಹಳದಿ ನಂಬರ್ ಪ್ಲೇಟು. "ಇಷ್ಟು ವರ್ಷ ದುಡಿದು ಕೊನೆಗೆ ಟ್ಯಾಕ್ಸಿ ಓಡಿಸುವುದೇ?" ಎನ್ನುತ್ತಾರೆ. ಆದರೆ ಓಡಿಸುವವಳು ಹೆಚ್ಚಾಗಿ ನಾನು. ಶಾಲೆ, ಡೇಕೇರ್, ಭರತನಾಟ್ಯ, ಭಾನುವಾರದ ಕನ್ನಡ ತರಗತಿ ಎಲ್ಲವೂ ನನ್ನ ಪಾಲಿನವು. ಅಮ್ಮನಿಗೆ ಮಂಡಿನೋವು, ಅವರು ಉಡುವುದು ಸೀರೆಯೇ. ದಿನವೂ ಬಳಸುತ್ತಿರುವವರು ಹೇಳಿ. ಜಾಹೀರಾತಿನ ಮಾತುಗಳನ್ನು ನಾನೇ ಓದಿದ್ದೇನೆ.

ಹಿಮದ ಊರಿನವನು:

ನಾನು ಎಸ್‌ಯುವಿ ಪಕ್ಷ. ಬಫಲೋ ಕಡೆ ಹಿಮ ಬಿದ್ದ ಬೆಳಗ್ಗೆ ಗಾಡಿ ನೆಲದಿಂದ ಎಷ್ಟು ಎತ್ತರವಿದೆ ಎಂಬುದೇ ಮುಖ್ಯವಾಗುತ್ತದೆ. ರಸ್ತೆ ಗುಡಿಸುವ ಯಂತ್ರ ನಮ್ಮ ಮನೆಯ ಮುಂದೆ ಬಿಟ್ಟು ಹೋದ ಹಿಮದ ದಿಬ್ಬವನ್ನು ದಾಟಿ ಕೆಲಸಕ್ಕೆ ಹೋಗಿದ್ದೇನೆ. ಮೂರನೇ ಸಾಲಿನ ಬಗ್ಗೆ ಮಾತ್ರ ನನ್ನನ್ನು ಕೇಳಬೇಡಿ, ಅಲ್ಲಿ ಕುಳಿತವರು ಯಾರೂ ಎರಡನೇ ಸಲ ಬಂದಿಲ್ಲ.

ಮೂವರ ತಂದೆ:

ಮೇಡಂ, ನಿಮ್ಮ ಯಜಮಾನರ ಜಾಗದಲ್ಲಿ ಒಂಬತ್ತು ವರ್ಷದ ಹಿಂದೆ ನಾನಿದ್ದೆ. ಟ್ಯಾಕ್ಸಿಯ ಮಾತನ್ನೂ ಆಡಿದ್ದೆ. ಈಗ ನನ್ನದು ಎರಡನೇ ಮಿನಿವ್ಯಾನ್. ಯಾವ ಕಂಪನಿಯದು ಎಂದು ಹೇಳುವುದಿಲ್ಲ, ಹೇಳಿದರೆ ಇಲ್ಲಿ ಬೇರೆಯೇ ಜಗಳ ಶುರುವಾಗುತ್ತದೆ.

ಗಾಡಿ ನೋಡಲು ಹೋದವರು ಎಂಜಿನ್ ಕೇಳುತ್ತಾರೆ, ಪರದೆಯ ಅಗಲ ಕೇಳುತ್ತಾರೆ. ದಿನಕ್ಕೆ ಎಷ್ಟು ಸಲ ಬಾಗಿಲು ತೆಗೆಯುತ್ತೇವೆ ಎಂದು ಯಾರೂ ಎಣಿಸುವುದಿಲ್ಲ. ನಾನು ಒಂದು ಶನಿವಾರ ಎಣಿಸಿದೆ. ರಾತ್ರಿ ಗ್ಯಾರೇಜಿಗೆ ಬರುವಷ್ಟರಲ್ಲಿ ಇಪ್ಪತ್ತಾರು ಸಲ ಆಗಿತ್ತು. ಶನಿವಾರದ ಓಕ್ ಟ್ರೀ ರೋಡ್ ನಿಮಗೆ ಗೊತ್ತಲ್ಲ, ತರಕಾರಿ ಅಂಗಡಿಯ ಮುಂದೆ ಎರಡು ಗಾಡಿಗಳ ನಡುವೆ ಒಂದು ಮೊಳ ಜಾಗ ಸಿಕ್ಕರೆ ಪುಣ್ಯ. ಸೆಡಾನ್ ಇದ್ದಾಗ ನನ್ನ ನಡುವಿನವನು ಅಲ್ಲಿ ಬಾಗಿಲನ್ನು ಒದ್ದು ತೆಗೆದ. ಪಕ್ಕದ ಗಾಡಿಯ ಮಾಲೀಕರು ಹೂಕೋಸು ಹಿಡಿದು ಅಲ್ಲೇ ನಿಂತಿದ್ದರು. ಹೂಕೋಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಫೋಟೊ ತೆಗೆದರು. ಆ ತಿಂಗಳ ಉಳಿತಾಯ ಅವರ ಬಾಗಿಲಿಗೆ ಹೋಯಿತು. ಮಿನಿವ್ಯಾನ್‌ನ ಸ್ಲೈಡಿಂಗ್ ಬಾಗಿಲು ಬಂದ ಮೇಲೆ ಅವನು ಒದೆಯಲಿ, ಕುಣಿಯಲಿ, ಅದು ಹೊರಗೆ ಚಾಚುವುದೇ ಇಲ್ಲ. ಅದೇ ಒಂದು ಮೊಳದಲ್ಲಿ ನಿಂತು ನಿದ್ದೆಗೆ ಜಾರಿದ ಮಗುವನ್ನು ಕಾರ್ ಸೀಟಿಗೆ ಇಳಿಸಿ ಬೆಲ್ಟ್ ಹಾಕಬಹುದು, ಅದು ಎಚ್ಚರವಾಗುವುದಿಲ್ಲ.

ಇನ್ನು ನಿಮ್ಮ ತಾಯಿಯವರ ಮಂಡಿ. ನನ್ನ ಅಮ್ಮ ಬಂದಾಗ ಮೊದಲ ವಾರ ಗೆಳೆಯನೊಬ್ಬ ತನ್ನ ದೊಡ್ಡ ಎಸ್‌ಯುವಿಯಲ್ಲಿ ದೇವಸ್ಥಾನಕ್ಕೆ ಕರೆದೊಯ್ದ. ಅಮ್ಮ ಒಂದು ಕೈಯಲ್ಲಿ ನೆರಿಗೆ, ಇನ್ನೊಂದರಲ್ಲಿ ಬಾಗಿಲಿನ ಹಿಡಿ ಹಿಡಿದು ಎರಡು ಸಲ ಪ್ರಯತ್ನಿಸಿ ಇಳಿದರು. ಕೊನೆಗೆ ಅವನ ಹೆಂಡತಿ ಮನೆಯೊಳಗಿನಿಂದ ಮಣೆ ತಂದು ಹಾಕಿದಳು. "ಅಂಬಾರಿಗೆ ಏಣಿ ಹಾಕಿದ ಹಾಗಾಯಿತು" ಎಂದು ಅಮ್ಮ ನಕ್ಕರು, ಆದರೆ ಆಮೇಲೆ ಆ ಗಾಡಿಯಲ್ಲಿ ಹೋಗೋಣವೆಂದರೆ ಏನಾದರೊಂದು ನೆಪ ಹೇಳುತ್ತಿದ್ದರು. ನಮ್ಮ ವ್ಯಾನ್‌ನಲ್ಲಿ ಮೊದಲು ಸೀಟಿನ ಅಂಚಿಗೆ ಕೂರುತ್ತಾರೆ, ಜಗಲಿಯ ಮೇಲೆ ಕುಳಿತ ಹಾಗೆ. ಆಮೇಲೆ ನಿಧಾನವಾಗಿ ಕಾಲು ಒಳಗೆ ತೆಗೆದುಕೊಳ್ಳುತ್ತಾರೆ. ನೆಲ ತಗ್ಗಿನಲ್ಲಿರುವುದರಿಂದ ಮಂಡಿಗೆ ಕೆಲಸವೇ ಇಲ್ಲ.

ಡಿಕ್ಕಿಯ ಲೆಕ್ಕ ಡಿಸೆಂಬರ್‌ನಲ್ಲಿ ನೆವಾರ್ಕ್ ವಿಮಾನ ನಿಲ್ದಾಣಕ್ಕೆ ಹೋದಾಗ ನಿಮಗೇ ತಿಳಿಯುತ್ತದೆ. ಊರಿನಿಂದ ಬರುವವರು ಒಬ್ಬೊಬ್ಬರೂ 23 ಕೆಜಿಯ ಎರಡೆರಡು ಸೂಟ್‌ಕೇಸ್ ತರುತ್ತಾರೆ, ಒಂದು ಗ್ರಾಂ ಕಡಿಮೆ ಇರುವುದಿಲ್ಲ. ಅಪ್ಪ, ಅಮ್ಮ ಇಬ್ಬರದು ನಾಲ್ಕು. ನಮ್ಮ ಅಮ್ಮನದರಲ್ಲಿ ಚಟ್ನಿಪುಡಿ, ಹಪ್ಪಳ, ಬಾಣಂತಿ ಲೇಹ್ಯದ ಜೊತೆಗೆ ಕಬ್ಬಿಣದ ದೋಸೆ ಹಂಚು ಕೂಡ ಇತ್ತು. ಎಸ್‌ಯುವಿಗಳಲ್ಲಿ ಸಾಮಾನ್ಯವಾಗಿ ಮೂರನೇ ಸಾಲು ಎಬ್ಬಿಸಿದರೆ ಡಿಕ್ಕಿ ಇಲ್ಲ, ಡಿಕ್ಕಿ ಬೇಕೆಂದರೆ ಮೂರನೇ ಸಾಲು ಇಲ್ಲ. ಮಿನಿವ್ಯಾನ್‌ನಲ್ಲಿ ಆ ಸಾಲು ಮಡಚಿ ಕೂರಲೆಂದು ನೆಲದಲ್ಲಿ ಒಂದು ಗುಂಡಿ ಇರುತ್ತದೆ. ಸೀಟು ಎದ್ದು ನಿಂತಾಗ ಆ ಗುಂಡಿ ಖಾಲಿ. ನಾಲ್ಕು ಸೂಟ್‌ಕೇಸ್ ಅದರಲ್ಲಿ ನಿಂತುಕೊಂಡವು, ದೋಸೆ ಹಂಚನ್ನು ಮಾತ್ರ ಅಮ್ಮ ಕಾಲ ಬುಡದಲ್ಲೇ ಇಟ್ಟುಕೊಂಡರು.

ಕಷ್ಟಗಳೂ ಇವೆ. ಉದ್ದ ಸುಮಾರು ಹದಿನೇಳು ಅಡಿ. ನಿಮ್ಮದು ಹಳೆಯ ಗ್ಯಾರೇಜಾದರೆ ಮೊದಲು ಟೇಪ್ ಹಿಡಿಯಿರಿ. ತಗ್ಗಾದ್ದರಿಂದ ಹಿಮದ ದಿಬ್ಬದ ಮೇಲೆ ಹೊಟ್ಟೆ ಉಜ್ಜುತ್ತದೆ, ಬಫಲೋದವರು ಹೇಳಿದ್ದು ಸುಳ್ಳಲ್ಲ. ಮತ್ತೆ ಆ ಬಾಗಿಲಿನ ಹಳಿ. ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗುವಾಗ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಹೆದ್ದಾರಿಯ ವಿಶ್ರಾಂತಿ ತಾಣವೊಂದರಲ್ಲಿ ಬಲಗಡೆಯ ಬಾಗಿಲು ಅರ್ಧಕ್ಕೆ ಬಂದು, ಕೊಯ್ಯೆಂದು ಕೂಗಿ, ಮತ್ತೆ ಹಿಂದಕ್ಕೆ ಹೋಯಿತು. ಐದು ಸಲ ಹೀಗೇ ಆಯಿತು. ಹೊರಗೆ ಜಡಿಮಳೆ. ಮೋಟರ್ ಸುಟ್ಟಿರಬೇಕು ಎಂದುಕೊಂಡೆ. ಹೆಂಡತಿ ಮಂಡಿಯೂರಿ ಕೂತು ಕೆಳಗಿನ ಹಳಿಯೊಳಗೆ ಚಮಚದ ಹಿಡಿ ಹಾಕಿ ಎಳೆದರೆ ಒಗ್ಗರಣೆ ಮಂಡಕ್ಕಿ ಬಂತು, ಕಡಲೆಬೀಜ ಸಮೇತ. ಎಷ್ಟು ತಿಂಗಳಿನದೋ. ಒಂದು ಕರಿಬೇವಿನ ಎಲೆಯಂತೂ ಇನ್ನೂ ಹಸಿರಾಗಿಯೇ ಇತ್ತು. ಈಗ ಪ್ರತಿ ತಿಂಗಳು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಹಳಿ ತಿಕ್ಕುತ್ತೇನೆ. ವ್ಯಾನ್ ಒಳಗೆ ಮಂಡಕ್ಕಿಗೆ ನಿಷೇಧವಿದೆ. ಯಾರೂ ಪಾಲಿಸುವುದಿಲ್ಲ.

ತೀರ್ಥಹಳ್ಳಿ ಕಡೆಯವಳು:

ನಾನು ಅಮೆರಿಕದಲ್ಲಿಲ್ಲ, ಆದರೂ ಬರೆಯದೆ ಇರಲಾಗಲಿಲ್ಲ. ನಾವು ಬೆಳೆದದ್ದೇ ಮಾರುತಿ ವ್ಯಾನ್‌ನಲ್ಲಿ. ಪುಸ್ತಕದಲ್ಲಿ ಅದರ ಹೆಸರು ಆಮ್ನಿ, ನಮ್ಮ ಕಡೆ ಯಾರೂ ಹಾಗೆ ಕರೆಯಲಿಲ್ಲ. 796 ಸಿಸಿಯ ಎಂಜಿನ್ ಮುಂದಿನ ಸೀಟಿನ ಕೆಳಗೆ. ಮಳೆಗಾಲದಲ್ಲಿ ಆ ಸೀಟಿಗಾಗಿ ನಮ್ಮಲ್ಲಿ ಜಗಳ, ಏಕೆಂದರೆ ಬೆಚ್ಚಗಿರುತ್ತಿತ್ತು. ಬೆಳಗ್ಗೆ ಅಡಿಕೆ ಮೂಟೆ, ಸಂಜೆ ಮದುವೆ ಮನೆಗೆ ಹನ್ನೊಂದು ಜನ. ಬಾಗಿಲು ಎಳೆದು ಧಡಾರ್ ಎಂದು ಹಾಕುವ ಅಧಿಕಾರ ಹಿರಿಮಗಳಾದ ನನ್ನದು. ಆಗ ಬೆಲ್ಟ್ ಯಾರೂ ಹಾಕಿದವರಲ್ಲ, ಈಗ ನೆನೆದರೆ ಎದೆ ಝಲ್ಲೆನ್ನುತ್ತದೆ. ಹೊಸ ಸುರಕ್ಷತಾ ನಿಯಮಗಳು ಬಂದ ಕಾಲಕ್ಕೆ, 2019ರಲ್ಲಿ, ಅದರ ತಯಾರಿಕೆ ನಿಂತಿತು. ನಿಂತದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ನನ್ನ ಗಂಡನ ಎತ್ತರದ ಕಾರಿಗೆ ಹತ್ತುವಾಗಲೆಲ್ಲ ಆ ವ್ಯಾನ್ ನೆನಪಾಗುತ್ತದೆ.

ಲೆಕ್ಕದ ಮನುಷ್ಯ:

ಕೆಲವು ವಿವರಗಳು ಮಾತ್ರ. ಟೊಯೋಟಾ ಸಿಯೆನ್ನಾ 2021ರ ಮಾದರಿಯಿಂದ ಹೈಬ್ರಿಡ್ ಆಗಿ ಮಾತ್ರ ಬರುತ್ತದೆ, ಗ್ಯಾಲನ್‌ಗೆ ಸುಮಾರು 36 ಮೈಲಿ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಮಾದರಿಯೂ ಇದೆ, ಹಿಮದ ಭಯ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಅದರ ಎರಡನೇ ಸಾಲನ್ನು ಬಿಚ್ಚಿ ಹೊರಗಿಡಲು ಆಗುವುದಿಲ್ಲ. ಹೋಂಡಾ ಒಡಿಸ್ಸಿಯಲ್ಲಿ ಆಗುತ್ತದೆ, ಮೈಲೇಜ್ ಮಾತ್ರ ಸುಮಾರು 22. ಕ್ರೈಸ್ಲರ್ ಪೆಸಿಫಿಕಾದಲ್ಲಿ ಎರಡನೇ ಸಾಲು ನೆಲದೊಳಗೇ ಮಡಚಿಕೊಳ್ಳುತ್ತದೆ, ಹೈಬ್ರಿಡ್ ಮಾದರಿಯಲ್ಲಿ ಆ ಜಾಗ ಬ್ಯಾಟರಿಗೆ ಹೋಗುತ್ತದೆ.

ಮಿನಿವ್ಯಾನ್ ಎಂದ ಕೂಡಲೇ ಸುರಕ್ಷಿತ ಎಂದುಕೊಳ್ಳಬೇಡಿ. 2023ರಲ್ಲಿ ಇಲ್ಲಿನ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ ಹಿಂದಿನ ಸೀಟಿನವರ ರಕ್ಷಣೆಯನ್ನು ಪರೀಕ್ಷಿಸಿದಾಗ ನಾಲ್ಕು ಮಿನಿವ್ಯಾನ್‌ಗಳಲ್ಲಿ ಒಂದಕ್ಕೂ ಒಳ್ಳೆಯ ದರ್ಜೆ ಸಿಗಲಿಲ್ಲ. ಕೊಳ್ಳುವ ವರ್ಷದ ಮಾದರಿಯ ಫಲಿತಾಂಶ ನೋಡಿ. ಮತ್ತೆ, ನಿಮ್ಮ ಕಾರ್ ಸೀಟ್‌ಗಳನ್ನು ಅಂಗಡಿಗೇ ಒಯ್ದು ಕೂರಿಸಿ ನೋಡಿ. ಮೂರನೇ ಸಾಲಿನ ಎಲ್ಲ ಸೀಟಿಗೂ ಕಾರ್ ಸೀಟನ್ನು ಸಿಕ್ಕಿಸುವ ಕೆಳಗಿನ ಕೊಂಡಿ ಇರುವುದಿಲ್ಲ.

ಎಡಿಸನ್ ಅಮ್ಮ:

ಎಲ್ಲರಿಗೂ ಧನ್ಯವಾದ. ನಿನ್ನೆ ಹೋಗಿ ಬಂದೆವು. ಎರಡೂ ಕಾರ್ ಸೀಟ್ ಹೊತ್ತು, ನನ್ನ ಏಳು ತಿಂಗಳ ಹೊಟ್ಟೆಯನ್ನೂ ಹೊತ್ತು. ಮಾರುವ ಹುಡುಗ ಮೊದಲು ಎಸ್‌ಯುವಿ ತೋರಿಸಿದ. ಎರಡನೇ ಸಾಲಿನಲ್ಲಿ ಕಾರ್ ಸೀಟ್ ಕಟ್ಟಿ, "ಈಗ ಹಿಂದಕ್ಕೆ ಹೋಗಿ ಕೂತು ತೋರಿಸಿ" ಎಂದು ಯಜಮಾನರಿಗೆ ಹೇಳಿದೆ. ಅವರು ಆರಡಿ. ಹೋದರು, ಮಂಡಿ ಗಲ್ಲಕ್ಕೆ ತಾಗಿಸಿ ಕುಳಿತರು. ಹೊರಬರುವಾಗ ಒಂದು ಶೂ ಒಳಗೇ ಉಳಿಯಿತು. ಮಗಳು ನಕ್ಕಿದ್ದೇ ನಕ್ಕಿದ್ದು. ಮಿನಿವ್ಯಾನ್‌ನ ಮೂರನೇ ಸಾಲಿಗೆ ನಾನೇ ಎರಡು ಸೀಟಿನ ನಡುವೆ ನಡೆದು ಹೋಗಿ ಕುಳಿತೆ, ಎದ್ದೂ ಬಂದೆ.

ಮನೆಗೆ ಬರುವ ದಾರಿಯುದ್ದಕ್ಕೂ ಅವರು ಮಾತನಾಡಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ, "ಬಿಳಿ ಬಣ್ಣವಂತೂ ಬೇಡ" ಎಂದರು. ಗ್ಯಾರೇಜ್ ಅಳೆದಿದ್ದೇವೆ, ಹದಿನೆಂಟೂವರೆ ಅಡಿ ಇದೆ. ಗೋಡೆ ಬದಿಯ ಅಕ್ಕಿ ಡ್ರಮ್ ಎಲ್ಲಿಡುವುದು ಎಂಬುದೇ ಈಗಿನ ಜಗಳ.