ಬಣ್ಣ ಹಚ್ಚಿದ ಮೇಲೆ ಉಳಿದ ಟರ್ಪೆಂಟೈನ್, ಬ್ರಷ್ ಏನು ಮಾಡೋದು?

ಉಣಕಲ್ ಕಡೆಯವ:
ದೀಪಾವಳಿಗೆ ಅಂತ ನಾನೇ ಮನೆಗೆ ಬಣ್ಣ ಹಚ್ಚಿದೆ. ಗೋಡೆಗೆ ಎಮಲ್ಷನ್ (ನೀರು ಬೆರೆಸುವ ಬಣ್ಣ), ಬಾಗಿಲು ಕಿಟಕಿಗೆ ಆಯಿಲ್ ಪೇಂಟ್. ಈಗ ಮೂರು ಬ್ರಷ್, ಒಂದು ರೋಲರ್, ಆಯಿಲ್ ಪೇಂಟಿನ ಬ್ರಷ್ ತೊಳೆದು ರಾಡಿಯಂತಾದ ಅರ್ಧ ಲೀಟರ್ ಟರ್ಪೆಂಟೈನ್, ಒಂದು ಬುಟ್ಟಿ ಅರಿವೆ ಉಳಿದಿವೆ. ಅವ್ವ "ಗಟಾರಕ್ಕೆ ಚೆಲ್ಲು, ಮುಗೀತು" ಅನ್ನುತ್ತಾಳೆ. ಆದರೆ ನಮ್ಮ ಗಟಾರ ಸೀದಾ ಹುಬ್ಬಳ್ಳಿಯ ಉಣಕಲ್ ನಾಲಾಕ್ಕೆ ಹೋಗುತ್ತದೆ, ಅದರ ಗತಿ ಮೊದಲೇ ಎಲ್ಲರಿಗೂ ಗೊತ್ತು ಅಲ್ವಾ? ನಳದ ನೀರು ಬರೋದೂ ದಿನಗಟ್ಟಲೆ ಬಿಟ್ಟು. ಬ್ರಷ್ ತೊಳೆಯೋಕೆ ಎರಡು ಕೊಡ ಸುರಿದರೆ ಮನೆಯಲ್ಲಿ ಬೈಗುಳ ಗ್ಯಾರಂಟಿ.

ಸಪ್ತಾಪುರದವ:
ಇಷ್ಟಕ್ಕೆಲ್ಲ ಯಾಕ್ರೀ ತಲೆಬಿಸಿ? ಬ್ರಷ್ ಬಿಸಾಕಿ, ಹೊಸದು ತನ್ನಿ.

ಕೇಶ್ವಾಪುರ ಪೇಂಟರ್:
ಬಿಸಾಕಬೇಡಿ, ಆ ಟರ್ಪೆಂಟೈನ್ ಇನ್ನೂ ದುಡ್ಡು. ಮುಚ್ಚಳ ಇರುವ ಗಾಜಿನ ಬಾಟಲಿಗೆ ಹಾಕಿ, ಅಲುಗಾಡಿಸದೆ ನೆರಳಲ್ಲಿ ಒಂದೆರಡು ದಿನ ಇಡಿ, ಬಣ್ಣ ತಳಕ್ಕೆ ಕೂರುತ್ತದೆ, ಆಮೇಲೆ ಮಜ್ಜಿಗೆಯ ತಿಳಿ ಬಗ್ಗಿಸಿದ ಹಾಗೆ ಮೆಲ್ಲಗೆ ಬೇರೆ ಬಾಟಲಿಗೆ ಬಗ್ಗಿಸಿಕೊಳ್ಳಿ. ಮುಂದಿನ ಸಲಕ್ಕೆ ಅದೇ ಸಾಕು. ಗಸಿ ಬಾಟಲಿಯಲ್ಲೇ ಇರಲಿ. ಮೇಲೆ ಹೆಸರು ಬರೆದು ಅಂಟಿಸಿ, ತಂಪು ಪಾನೀಯದ ಬಾಟಲಿ ಮಾತ್ರ ಬಳಸಬೇಡಿ, ಮಕ್ಕಳು ಕುಡಿದುಬಿಡುತ್ತಾರೆ.
ಎಮಲ್ಷನ್ ಬ್ರಷ್ಷನ್ನು ಮೊದಲು ರದ್ದಿ ಪೇಪರಿಗೆ ಚೆನ್ನಾಗಿ ಒರೆಸಿ. ರೋಲರ್ ಅನ್ನು ಹಳೇ ಚಮಚದಿಂದ ಕೆರೆಯಿರಿ, ಎಷ್ಟು ಬಣ್ಣ ಬರುತ್ತದೆ ನೋಡಿ! ಆಮೇಲೆ ಬಕೆಟ್ಟಿನಲ್ಲಿ ಎರಡು ತಂಬಿಗೆ ನೀರು ಸಾಕು. ಮರುದಿನವೂ ಕೆಲಸ ಇದ್ದರೆ ತೊಳೆಯಲೇಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿಡಿ.

ಹಳೇ ಧಾರವಾಡ:
ಅರಿವೆ ಬಗ್ಗೆ ಯಾರೂ ಹೇಳಲಿಲ್ಲ, ನನಗೆ ಭಯ ಅದರದ್ದೇ. ನಮ್ಮ ಹಂಚಿನ ಮನೆಯ ಸಾಗವಾನಿ ಬಾಗಿಲಿಗೆ ಅಗಸೆ ಎಣ್ಣೆ ಹಚ್ಚಿ, ಒರೆಸಿದ ಅರಿವೆಯನ್ನು ಗೋಣಿಚೀಲಕ್ಕೆ ತುರುಕಿದ್ದೆ. ಸಂಜೆ ಕೈ ಹಾಕಿದರೆ ಚೀಲ ಬಿಸಿ! ಚಟ್ನಿ ಮಾಡುವ ಅಗಸಿಯದೇ ಎಣ್ಣೆ, ನೋಡಿದರೆ ಪಾಪದ್ದು. ಅದು ನೀರಿನ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಆಗ ಬಿಸಿ ಹುಟ್ಟುತ್ತದೆ, ಮುದ್ದೆ ಮಾಡಿಟ್ಟರೆ ಆ ಬಿಸಿ ಒಳಗೇ ಕೂಡಿ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಆಯಿಲ್ ಪೇಂಟಿನ ಅರಿವೆಯನ್ನೂ ನಂಬಬೇಡಿ. ಒಂದೊಂದೇ ಬಿಡಿಸಿ, ಬಯಲಲ್ಲಿ ಹರವಿ, ಗಟ್ಟಿಯಾಗಿ ಒಣಗಿದ ಮೇಲೆಯೇ ಕಸಕ್ಕೆ ಕೊಡಿ.
ಖಾಲಿ ಬಣ್ಣದ ಡಬ್ಬಿ ಮನೆಯ ಅಪಾಯಕಾರಿ ಕಸ. ಟ್ಯೂಬ್‌ಲೈಟ್, ಹಳೇ ಬ್ಯಾಟರಿ ಜೊತೆ ಬೇರೆಯಾಗಿ ಕೊಡಬೇಕು. ಗಸಿಯ ಬಾಟಲಿಯನ್ನೂ ಅದರ ಜೊತೆಗೇ ಇಡಿ.
ಹಳೇ ಬಣ್ಣ ಉಜ್ಜಿದ್ದೀರಾ? ಮನೆ ಬಣ್ಣದಲ್ಲಿ ವಿಷದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಾಗಿಲಿನ ಪುಡಿಯನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಅರಿವೆಯಿಂದ ಒರೆಸಿ.

ಉಣಕಲ್ ಕಡೆಯವ:
ಇದನ್ನು ಓದಿ ರಾತ್ರಿಯೇ ಎದ್ದು ಬುಟ್ಟಿ ಖಾಲಿ ಮಾಡಿದೆ. ಬಾಟಲಿಯಲ್ಲಿ ಬೆಳಿಗ್ಗೆಗೇ ಮೇಲೆ ತಿಳಿ ಕಾಣುತ್ತಿದೆ. ಅರಿವೆ ಎಲ್ಲ ಮಾಳಿಗೆ ಮೇಲೆ ಹರವಿದ್ದೇನೆ. ಈಗ ಹಪ್ಪಳ ಒಣಹಾಕೋಕೆ ಜಾಗ ಇಲ್ಲ ಅಂತ ಅವ್ವನ ಹೊಸ ಜಗಳ.